ಮೈಕಿನಲ್ಲಿ ಕೇಳಿದ ಹೆಸರು

ಬೈರಾಪಟ್ಟಣದ ಗಿರಿಜಾಂಬ ಅರವತ್ತರ ಹತ್ತಿರದ ಹೆಂಗಸು. ಗಂಡ ರೇವಣಸಿದ್ದಯ್ಯನವರದು ಊರ ಮುಂದಿನ ರಸ್ತೆಯಲ್ಲೇ ಒಂದು ದಿನಸಿ ಅಂಗಡಿ. ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಒಂದಿಷ್ಟು ಹಿಪ್ಪುನೇರಳೆ ತೋಟ. ಬೆಳಿಗ್ಗೆ ಪೂಜೆ ಮುಗಿಸಿ ಹಣೆಗೆ ವಿಭೂತಿ ಇಟ್ಟುಕೊಂಡು ಬಾಯಿ ತೆರೆದಳೆಂದರೆ ಸಂಜೆಯವರೆಗೂ ಮುಚ್ಚುವುದಿಲ್ಲ ಎಂದು ರೇವಣಸಿದ್ದಯ್ಯ ಗಿರಾಕಿಗಳ ಎದುರಿಗೇ ಹೆಂಡತಿಯನ್ನು ಆಡಿಕೊಳ್ಳುತ್ತಾರೆ. ಅಂಥ ಗಿರಿಜಾಂಬನ ಬಾಯಿಯೂ ಒಂದು ವಿಷಯದಲ್ಲಿ ಕಟ್ಟಿಹೋಗಿತ್ತು. ಅದು ಮಗಳು ಕವನಳ ವಿಷಯ.

ಕವನ ಅವರಿಗೆ ಒಬ್ಬಳೇ ಮಗಳು. ಚನ್ನಪಟ್ಟಣದಲ್ಲಿ ಹೈವೇ ಪಕ್ಕ ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ ಇಟ್ಟಿರುವ ಶಂಭುಲಿಂಗನಿಗೆ ಕೊಟ್ಟಿದ್ದರು. ಒಳ್ಳೆಯ ಹುಡುಗ. ಮೊದಲು ಹೆಣ್ಣು ಮಗು ಅಮೂಲ್ಯ, ಆಮೇಲೆ ಗಂಡು ಮಗು ಪ್ರಭುಲಿಂಗ. ಪ್ರಭುವಿಗೆ ಇನ್ನೂ ವರ್ಷ ತುಂಬಿರಲಿಲ್ಲ, ಕವನಳಿಗೆ ಡೆಂಗಿ ಜ್ವರ ಬಂತು. ಇವತ್ತು ಬಿಡುತ್ತದೆ, ನಾಳೆ ಬಿಡುತ್ತದೆ ಎಂದುಕೊಳ್ಳುವಷ್ಟರಲ್ಲಿ ಕೈಮೀರಿತು. ಆಸ್ಪತ್ರೆಯಿಂದ ಅವಳು ಮನೆಗೆ ತಿರುಗಿ ಬರಲಿಲ್ಲ.

ಮಕ್ಕಳಿಬ್ಬರೂ ಬೈರಾಪಟ್ಟಣಕ್ಕೆ ಬಂದರು. ಗಿರಿಜಾಂಬ ಅಳುವುದಕ್ಕೂ ಬಿಡುವಿಲ್ಲದಂತೆ ಅವರನ್ನು ಸಾಕಿದಳು. ಒಂದಕ್ಕೆ ಹಾಲು ಕಾಯಿಸಬೇಕು, ಇನ್ನೊಂದಕ್ಕೆ ಜಡೆ ಹಾಕಬೇಕು. ಶಂಭುಲಿಂಗ ಅಂಗಡಿ ಮುಚ್ಚಿ ದಿನಾ ಸಂಜೆ ಬೈಕಿನಲ್ಲಿ ಬಂದು ಮಕ್ಕಳ ಮುಖ ನೋಡಿಕೊಂಡು, ಉಂಡು ಹೋಗುತ್ತಿದ್ದ. ಹೀಗೇ ಎರಡು ವರ್ಷ ಕಳೆಯಿತು. ಅಳಿಯ ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದುದನ್ನು ಕಂಡು ಕೊನೆಗೆ ಗಿರಿಜಾಂಬನೇ ಮಾತೆತ್ತಿದಳು.

"ನೋಡಪ್ಪ, ಇನ್ನೊಂದು ಮದ್ವೆ ಮಾಡ್ಕೋ. ನನ್ ಮಕ ನೋಡ್ಕಂಡು ಹಿಂಗೇ ಕೂತ್ಕಬ್ಯಾಡ. ನನಗೂ ವಯಸ್ಸಾಯ್ತು, ಮಕ್ಕಳಿಗೆ ಒಂದು ಮನೆ ಬೇಕು."

ಶಂಭುಲಿಂಗ ತಲೆ ಎತ್ತಲಿಲ್ಲ. "ನೀವೇ ಹಿಂಗಂದ್ರೆ ಹೆಂಗೆ ಅತ್ತೆ?" ಅಂದ.

"ಇನ್ಯಾರು ಅನ್ನಬೇಕು? ನಾನೇ ಅನ್ನಬೇಕು."

ಹೆಣ್ಣು ಹುಡುಕಿದ್ದೂ ಅವಳೇ. ಮಾಗಡಿ ಕಡೆಯ ಕೆಂಪಾಪುರದಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಾಗ ನೇತ್ರಾಳನ್ನು ಕಂಡಳು. ಚಿಕ್ಕವಳಿದ್ದಾಗಲೇ ತಾಯಿ ಇಲ್ಲವಾಗಿ ಸೋದರತ್ತೆಯ ಕೈಯಲ್ಲಿ ಬೆಳೆದವಳು. ಬಟ್ಟೆ ಹೊಲಿಯುತ್ತ, ಲಕ್ವ ಹೊಡೆದು ಮಲಗಿದ್ದ ತಂದೆಯನ್ನು ನೋಡಿಕೊಳ್ಳುತ್ತ ಮದುವೆಯ ವಯಸ್ಸು ಮೀರಿತ್ತು. ಆ ತಂದೆಯೂ ಹೋಗಿ ವರ್ಷವಾಗಿತ್ತು. ಪಂಕ್ತಿಯಲ್ಲಿ ಬಡಿಸುವಾಗ ಅವಳು ಮುದುಕಿಯರ ಎಲೆಯ ಮುಂದೆ ನಿಂತು ಅನ್ನವನ್ನು ಮೆತ್ತಗೆ ಕಲಸಿಕೊಟ್ಟು ಮುಂದೆ ಹೋಗುತ್ತಿದ್ದುದು ಗಿರಿಜಾಂಬನ ಕಣ್ಣಿಗೆ ಬಿತ್ತು. ಅಷ್ಟೇ ಸಾಕಾಯಿತು.

ಮದುವೆ ಸರಳವಾಗಿ ನಡೆಯಿತು. ಆದರೆ ಮಕ್ಕಳ ಬಟ್ಟೆಬರೆಯನ್ನು ಬ್ಯಾಗಿಗೆ ತುಂಬಿ ಚನ್ನಪಟ್ಟಣಕ್ಕೆ ಕಳಿಸಿದ ದಿನ ಗಿರಿಜಾಂಬ ಒಲೆ ಹಚ್ಚಲಿಲ್ಲ. ತಾನೇ ಮುಂದೆ ನಿಂತು ಮಾಡಿಸಿದ ಮದುವೆ, ತಾನೇ ಒಪ್ಪಿ ಕಳಿಸಿದ ಮಕ್ಕಳು. ಆದರೂ ಒಳಗೆ ಒಂದು ಮುಳ್ಳು ಮುರಿದುಕೊಂಡಿತ್ತು. "ಇನ್ ಆಯ್ತು ಬುಡಿ. ಕವನ ಅನ್ನೋಳು ಒಬ್ಳಿದ್ಲು ಅಂತ ಇನ್ ಮ್ಯಾಲೆ ಯಾರ ಬಾಯಲ್ಲೂ ಬರಾಕಿಲ್ಲ" ಎಂದು ಗಂಡನಿಗೆ ಹೇಳಿದಳು. ಆಮೇಲೆ ತಾನೂ ಆ ಹೆಸರು ಎತ್ತುವುದನ್ನು ಬಿಟ್ಟಳು. ಚನ್ನಪಟ್ಟಣಕ್ಕೆ ಹೋದರೆ ಕುರ್ಚಿಯ ತುದಿಯಲ್ಲಿ ಕುಳಿತು, ನೇತ್ರಾ ಕೊಟ್ಟ ಕಾಫಿ ಕುಡಿದು, ಮಕ್ಕಳ ತಲೆ ನೇವರಿಸಿ, ಮುಂದಿನ ಬಸ್ಸಿಗೇ ಎದ್ದುಬಿಡುತ್ತಿದ್ದಳು. ಅಮೂಲ್ಯಳಿಗೆ ನೇತ್ರಾಳನ್ನು ಚಿಕ್ಕಮ್ಮ ಎಂದು ಕರೆಯಲು ಹೇಳಿಕೊಟ್ಟವಳೂ ಅವಳೇ. ಪ್ರಭು ಮಾತ್ರ ಯಾರೂ ಹೇಳಿಕೊಡದೆ ಅಮ್ಮ ಎಂದು ಕರೆಯಲು ಶುರುಮಾಡಿದ್ದ.

ಮದುವೆಯಾದ ಮರುವರ್ಷ ಡಿಸೆಂಬರಿನಲ್ಲಿ ಒಂದು ದಿನ ನೇತ್ರಾ ಒಬ್ಬಳೇ ಬೈರಾಪಟ್ಟಣಕ್ಕೆ ಬಂದಳು. ಗಿರಿಜಾಂಬ ಸೊಪ್ಪು ಸೋಸುತ್ತ ಕುಳಿತಿದ್ದಳು. ನೇತ್ರಾ ಕೇಳದೆ ಪಕ್ಕದಲ್ಲಿ ಕುಳಿತು ತಾನೂ ಸೋಸತೊಡಗಿದಳು.

"ಅಮ್ಮ, ಭಾನುವಾರ ಮಕ್ಕಳನ್ನ ಮೈಸೂರು ಝೂಗೆ ಕರ್ಕಂಡೋಗಾನ ಅಂತಿದ್ದೀವಿ. ನೀವೂ ಬರಬೇಕು."

"ನಾನ್ಯಾಕವ್ವ? ನೀವು ಗಂಡ ಹೆಂಡ್ತಿ ಮಕ್ಕಳು ಹೋಗ್ಬನ್ನಿ. ನನಗೆ ಮಂಡಿ ನೋವು."

"ಒಸಿ ಒಸಿ ಕೂತ್ಕಂಡು ನೋಡಾನ. ನೀವು ಬರದಿದ್ರೆ ನಾವೂ ಹೋಗಾಕಿಲ್ಲ" ಎಂದಳು ನೇತ್ರಾ. ಅದರಲ್ಲಿ ಹಟವಿರಲಿಲ್ಲ, ಇದ್ದದ್ದನ್ನು ಹೇಳುವ ದನಿಯಿತ್ತು. ಅಂಗಡಿಯಿಂದಲೇ ರೇವಣಸಿದ್ದಯ್ಯ ಕೂಗಿ ಹೇಳಿದರು: "ಹೋಗೇ, ಹೋಗು. ಒಂದಿನ ನನ್ ಕಿವೀಗೂ ರಜ ಸಿಗ್ತದೆ."

ಹಾಗೆ ಗಿರಿಜಾಂಬ ಹೊರಟಳು.

ಭಾನುವಾರ ಬೆಳಿಗ್ಗೆ ಚನ್ನಪಟ್ಟಣದಲ್ಲಿ ರೈಲು ಹತ್ತಿದಾಗ ಕಿಟಕಿ ಪಕ್ಕದ ಸೀಟು ಸಿಕ್ಕಿತು. ನೇತ್ರಾ ಅಲ್ಲಿ ಗಿರಿಜಾಂಬನನ್ನೇ ಕೂರಿಸಿದಳು. ಅಮೂಲ್ಯ ಹಳದಿ ಫ್ರಾಕ್ ಹಾಕಿದ್ದಳು. ಅದನ್ನು ನೇತ್ರಾ ಹೊಲಿದದ್ದು ಎಂದು ತಿಳಿದಾಗ ಗಿರಿಜಾಂಬ ಅದರ ಅಂಚು ಮಗುಚಿ ನೋಡಿದಳು. ಹೊಲಿಗೆ ಅಚ್ಚುಕಟ್ಟಾಗಿತ್ತು, ಮುಂದೆ ಬೆಳೆದರೆ ಬಿಡಿಸಿ ಉದ್ದ ಮಾಡಲೆಂದು ಒಳಗೆ ಬಟ್ಟೆಯನ್ನೂ ಬಿಟ್ಟಿದ್ದಳು. ಮಂಡ್ಯ ದಾಟುವಷ್ಟರಲ್ಲಿ ಡಬ್ಬಿ ತೆರೆದು ಇಡ್ಲಿ ತಿಂದರು. ಪ್ರಭು ಚಟ್ನಿಯನ್ನು ಅಜ್ಜಿಯ ಸೀರೆಗೆ ಒರೆಸಿದ. ನೇತ್ರಾ ಬೆಚ್ಚಿ ಒದ್ದೆ ಬಟ್ಟೆ ತೆಗೆದಳು. "ಬುಡವ್ವ, ನನ್ ಸೀರೆ ಕಾಣದ ಚಟ್ನಿ ಐತಾ" ಎಂದು ಗಿರಿಜಾಂಬ ನಕ್ಕಳು. ಆ ದಿನದ ಮೊದಲ ನಗು ಅದು.

ಝೂನಲ್ಲಿ ಜನವೋ ಜನ. ಶಾಲಾ ಪ್ರವಾಸದ ಕಾಲ. ಸಾಲು ಸಾಲಾಗಿ ಮಕ್ಕಳು, ಮುಂದೊಬ್ಬರು ಮೇಷ್ಟ್ರು, ಹಿಂದೊಬ್ಬರು ಮೇಷ್ಟ್ರು. ಜಿರಾಫೆಯ ಮುಂದೆ ಪ್ರಭು ಬಾಯಿ ಬಿಟ್ಟುಕೊಂಡು ನಿಂತ.

"ಅಜ್ಜಿ, ಇದರ ಕತ್ತು ಯಾಕೆ ಹಂಗೈತೆ?"

"ಮರದ ಮ್ಯಾಲಿನ ಸೊಪ್ಪು ತಿನ್ನಕ್ಕೆ ಕಣಪ್ಪ."

ಪ್ರಭು ಕತ್ತೆತ್ತಿ ಅದರ ತಲೆಯನ್ನೇ ನೋಡಿದ. "ನಮ್ಮನೇಗೆ ಕರ್ಕಂಡೋದ್ರೆ ತಾರಸಿ ಮ್ಯಾಲೆ ನಿಂತ್ಕಂಡು ಉಣ್ಣಿಸ್ಬೌದು" ಎಂದ. ಸುತ್ತ ನಿಂತಿದ್ದವರೆಲ್ಲ ನಕ್ಕರು. ಶಂಭುಲಿಂಗ ಕೂಡ ನಕ್ಕ. ಅವನು ಹಾಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ಗಿರಿಜಾಂಬ ವರ್ಷಗಳ ಮೇಲೆ ನೋಡಿದಳು. ನೀರಿನಿಂದ ಮೇಲೆದ್ದ ನೀರಾನೆಯನ್ನು ಕಂಡು "ಶಿವನೇ, ಇದೇನು ಬಂಡೆಗೆ ಜೀವ ಬಂದಂಗೈತಲ್ಲ!" ಎಂದು ತಾನೂ ಮಗುವಿನಂತೆ ಕೂಗಿದಳು.

ಕೋತಿಗಳ ಜಾಗಕ್ಕೆ ಬರುವಷ್ಟರಲ್ಲಿ ಮಂಡಿ ಹಿಡಿದುಕೊಂಡಿತು. ಮರದ ಕೆಳಗೆ ಕಲ್ಲಿನ ಬೆಂಚು ಸಿಕ್ಕಿತು. ಪ್ರಭು ಒಂದಕ್ಕೆ ಎಂದು ಕುಣಿಯತೊಡಗಿದ. ನೇತ್ರಾ ಅವನನ್ನು ಎತ್ತಿಕೊಂಡು ಹೋದಳು. ಶಂಭುಲಿಂಗ ನೀರು ತರಲು ಹೋದ. "ಅಮೂಲ್ಯ, ಅಜ್ಜಿ ಹತ್ರಾನೇ ಇರು" ಎಂದು ಹೇಳಿಯೇ ಹೋದರು. ಅಮೂಲ್ಯ ಅಜ್ಜಿಯ ಬೆರಳು ಹಿಡಿದು ನಿಂತಿದ್ದಳು.

ಗಿರಿಜಾಂಬ ಚಪ್ಪಲಿ ಬಿಟ್ಟು ಮಂಡಿ ಉಜ್ಜಿಕೊಳ್ಳಲು ಕೈ ಬಿಡಿಸಿಕೊಂಡಳು. ಎದುರಿಗೆ ಒಂದು ತಾಯಿ ಕೋತಿ ಮರಿಯನ್ನು ಮಲಗಿಸಿಕೊಂಡು ಹೇನು ನೋಡುತ್ತಿತ್ತು. ಮರಿ ಎದ್ದು ಓಡಲು ನೋಡುತ್ತಿತ್ತು, ತಾಯಿ ಬಾಲ ಹಿಡಿದು ಎಳೆದು ಮಲಗಿಸುತ್ತಿತ್ತು. ಅದನ್ನು ನೋಡುತ್ತ ಅವಳು ಮೈಮರೆತಳು. ಅಷ್ಟರಲ್ಲಿ ಹಳದಿ ಟೀ ಶರಟಿನ ಶಾಲಾಮಕ್ಕಳ ಸಾಲೊಂದು ಗಲಗಲ ಮಾಡುತ್ತ ಹಿಂದಿನಿಂದ ಹಾದುಹೋಯಿತು.

"ನೋಡ್ದಾ ಮಗ, ನಿನ್ ಹಂಗೇ ತಲೆ ಬಾಚಿಸ್ಕಳಾಕೆ ಒಲ್ಲೆ ಅಂತದೆ" ಎಂದು ತಿರುಗಿದರೆ ಅಮೂಲ್ಯ ಇಲ್ಲ.

ಬೆಂಚಿನ ಹಿಂದೆ ಇಲ್ಲ. ಮರದ ಆಚೆ ಇಲ್ಲ. "ಅಮೂಲ್ಯಾ" ಎಂದು ಕೂಗಿದಳು. ದನಿ ಆ ಗದ್ದಲದಲ್ಲಿ ಎಲ್ಲಿ ಹೋಯಿತೋ. ಎಲ್ಲೆಲ್ಲೂ ಹಳದಿ ಬಟ್ಟೆಯ ಮಕ್ಕಳೇ. ಓಡಿ ಹೋಗಿ ಒಂದು ಮಗುವಿನ ಭುಜ ಹಿಡಿದು ತಿರುಗಿಸಿದರೆ ಬೇರೆ ಮುಖ. ಬರಿಗಾಲಲ್ಲಿ ಬೆಂಚಿನ ಬಳಿ ವಾಪಸು ಬಂದಾಗ ನೇತ್ರಾ ಪ್ರಭುವಿನ ಜೊತೆ ನಿಂತಿದ್ದಳು.

"ಅಮ್ಮ, ಅಮೂಲ್ಯ?"

"ಇಲ್ಲೇ ಇದ್ಲು ಕಣವ್ವ... ನನ್ ಪಕ್ಕದಲ್ಲೇ... ನಾನೇ ಕೈ ಬುಟ್ಟೆ."

ನೇತ್ರಾಳ ಮುಖ ಬಿಳುಚಿತು. ಬಯ್ಯುತ್ತಾಳೆ, ಬಯ್ಯಲಿ ಎಂದುಕೊಂಡಳು ಗಿರಿಜಾಂಬ. ಆದರೆ ನೇತ್ರಾ ಅವಳನ್ನು ಹಿಡಿದು ಬೆಂಚಿನ ಮೇಲೆ ಕೂರಿಸಿ, ಪ್ರಭುವನ್ನು ಎತ್ತಿ ಅವಳ ಮಡಿಲಿಗೇ ಹಾಕಿದಳು. "ಇವನನ್ನ ನೋಡ್ಕೊಳ್ಳಿ ಅಮ್ಮ. ಎಲ್ಲೂ ಹೋಗಿರಾಕಿಲ್ಲ, ನಾನು ಕರ್ಕಂಬತ್ತೀನಿ" ಎಂದು ಹೇಳಿ ಜನರ ನಡುವೆ ಓಡಿದಳು.

ಈಗತಾನೆ ಒಂದು ಮಗುವನ್ನು ಕಳೆದವಳ ಕೈಗೆ ಇನ್ನೊಂದನ್ನು ಕೊಟ್ಟು ಹೋದಳಲ್ಲ ಎಂದು ಗಿರಿಜಾಂಬನಿಗೆ ಆಮೇಲೆ ಹೊಳೆಯಿತು. ಆಗ ಏನೂ ಹೊಳೆಯಲಿಲ್ಲ. ಪ್ರಭುವನ್ನು ಎದೆಗೆ ಅವುಚಿಕೊಂಡು ಕುಳಿತಳು. ಶಂಭುಲಿಂಗ ನೀರಿನ ಬಾಟಲಿ ಹಿಡಿದು ಬಂದವನು ವಿಷಯ ಕೇಳಿ ಬಾಟಲಿಯನ್ನು ಅಲ್ಲೇ ಬಿಟ್ಟು ಆನೆಗಳ ಕಡೆಗೆ ಓಡಿದ. ನೇತ್ರಾ ಒಮ್ಮೆ ಬಂದು ನೋಡಿ ಮತ್ತೆ ಓಡಿದಳು. ಎರಡನೆಯ ಸಲ ಬಂದಾಗ ಅವಳ ಜಡೆ ಬಿಚ್ಚಿಹೋಗಿತ್ತು, ಉಸಿರು ಕಟ್ಟುತ್ತಿತ್ತು. "ಗೇಟ್ ಹತ್ರ ಹೋಗಾನ ಬನ್ನಿ ಅಮ್ಮ" ಎಂದು ಪ್ರಭುವನ್ನು ಎತ್ತಿಕೊಂಡಳು.

ಆಗಲೇ ಮೈಕು ಕೂಗಿತು.

"ದಯವಿಟ್ಟು ಗಮನಿಸಿ. ಚನ್ನಪಟ್ಟಣದಿಂದ ಬಂದಿರುವ ಅಮೂಲ್ಯ ಎಂಬ ಹೆಣ್ಣು ಮಗು ನಮ್ಮ ಬಳಿ ಸುರಕ್ಷಿತವಾಗಿದೆ. ಮಗುವಿನ ತಾಯಿ ಕವನ ಅವರು ಎಲ್ಲಿದ್ದರೂ ಕೂಡಲೇ ಪ್ರವೇಶದ್ವಾರದ ಬಳಿಯ ಕಚೇರಿಗೆ ಬರಬೇಕು. ಕವನ ಅವರು ಎಲ್ಲಿದ್ದರೂ ಕೂಡಲೇ ಬರಬೇಕು."

ಗಿರಿಜಾಂಬ ನಿಂತಲ್ಲೇ ನಿಂತಳು. ಮರಗಳ ಮೇಲಿಂದ, ಬೋನುಗಳ ಮೇಲಿಂದ, ಅಷ್ಟೊಂದು ಜನರ ತಲೆಯ ಮೇಲಿಂದ ಮಗಳ ಹೆಸರು ಬಂದು ಕಿವಿಗೆ ಬಿದ್ದಿತ್ತು. ಮನೆಯಲ್ಲಿ ಯಾರೂ ಎತ್ತದ ಹೆಸರನ್ನು ಯಾರೋ ಗೊತ್ತಿಲ್ಲದವರು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಎಲ್ಲಿದ್ದರೂ ಬರಬೇಕಂತೆ. ಎಲ್ಲಿಂದ ಬರುತ್ತಾಳೆ?

ನೇತ್ರಾ ಅವಳ ತೋಳು ಹಿಡಿದು ಅಲುಗಿಸಿದಳು. "ಸಿಕ್ಳು ಕಣಮ್ಮ! ಕೇಳಿಸ್ತಾ? ಸಿಕ್ಳು ನಮ್ ಮಗಳು!" ಅವಳ ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು, ಆದರೆ ಮುಖದಲ್ಲಿ ನಗುವಿತ್ತು. ಆ ಮೈಕಿನಲ್ಲಿ ತನ್ನ ಹೆಸರು ಬರಲಿಲ್ಲವಲ್ಲ ಎಂಬ ಒಂದು ಎಳೆಯೂ ಆ ಮುಖದಲ್ಲಿ ಇರಲಿಲ್ಲ.

ಕಚೇರಿಯಲ್ಲಿ ಅಮೂಲ್ಯ ಒಬ್ಬ ಹೆಂಗಸಿನ ತೊಡೆಯ ಮೇಲೆ ಕುಳಿತು ಬಿಸ್ಕತ್ತು ತಿನ್ನುತ್ತಿದ್ದಳು. ಆಕೆ ಮೈಸೂರಿನವರೇ, ಹೆಸರು ನಿಖಾತ್. ತಮ್ಮ ಮಕ್ಕಳ ಜೊತೆ ಬಂದಿದ್ದವರು, ಶಾಲಾಮಕ್ಕಳ ಸಾಲಿನ ಹಿಂದೆ ಅಳುತ್ತ ನಡೆಯುತ್ತಿದ್ದ ಇವಳನ್ನು ಕಂಡು ಕರೆತಂದಿದ್ದರು. ತಂದೆಯ ಫೋನ್ ನಂಬರನ್ನು ಅಮೂಲ್ಯ ಅರ್ಧ ಹೇಳಿ ಅಳುವಿನಲ್ಲಿ ಮರೆತಿದ್ದಳು.

ನೇತ್ರಾ ಓಡಿ ಹೋಗಿ ಮಗುವನ್ನು ತಬ್ಬಿಕೊಂಡಳು. ಮೇಜಿನ ಹಿಂದಿದ್ದ ಕನ್ನಡಕದ ಹಿರಿಯರು ಕೇಳಿದರು: "ಕವನ ಅಂದ್ರೆ ನೀವೇನಮ್ಮ?"

"ಇಲ್ಲ ಸಾರ್. ನಾನು ನೇತ್ರಾ."

"ಮತ್ತೆ ಕವನ ಎಲ್ಲಿ? ಮಗು ತಾಯಿ ಹೆಸರು ಅದೇ ಅಂತು." ಅವರು ಅಮೂಲ್ಯಳ ಕಡೆ ಬಾಗಿದರು. "ಇವರು ಯಾರು ಪುಟ್ಟಿ?"

"ನಮ್ ಚಿಕ್ಕಮ್ಮ."

ಮಗುವನ್ನು ಯಾರ ಕೈಗೆಂದರೆ ಅವರ ಕೈಗೆ ಕೊಡುವಂತಿಲ್ಲ, ಅದು ಅವರ ಕೆಲಸ. "ತಾಯಿ ಬರಲಿ ತಡೀರಮ್ಮ" ಎಂದರು, ಒರಟಾಗಿ ಅಲ್ಲ. ನೇತ್ರಾ ಗಿರಿಜಾಂಬನ ಕಡೆ ನೋಡಿದಳು. ಮಗುವಿನ ಎದುರಿಗೆ ಆ ಮಾತು ಹೇಗೆ ಆಡುವುದು?

ಅಮೂಲ್ಯಳೇ ಮಾತಾಡಿದಳು. "ಕವನ ಅಮ್ಮ ಶಿವನ ಹತ್ರ ಅವ್ಳೆ. ಯಾರಾದ್ರೂ ಅಮ್ಮನ ಹೆಸ್ರು ಕೇಳಿದ್ರೆ ಕವನ ಅಂತ್ಲೇ ಹೇಳ್ಬೇಕು ಅಂತ ಚಿಕ್ಕಮ್ಮ ಹೇಳ್ಕೊಟ್ಟವ್ಳೆ. ದಿನಾ ಮಲಗೋವಾಗ ಫೋಟೋ ನೋಡಿ ಹೇಳ್ತೀವಿ. ಪ್ರಭುನೂ ಹೇಳ್ತಾನೆ."

ಗಿರಿಜಾಂಬ ಮೇಜಿನ ಅಂಚು ಹಿಡಿದುಕೊಂಡಳು. ಹೇಳಿದಳು:

"ಸ್ವಾಮಿ, ಕವನ ನನ್ ಮಗಳು. ತೀರ್ಕಂಡು ಮೂರು ವರ್ಷ ಆಯ್ತು. ಇವಳೂ ನನ್ ಮಗಳೇ. ಮಕ್ಕಳನ್ನ ಸಾಕ್ತಿರೋ ತಾಯಿ ಇವಳು. ಕೊಡಿ, ನನ್ ಮಾತಿನ ಮ್ಯಾಲೆ ಕೊಡಿ."

ಅಷ್ಟು ಹೊತ್ತಿಗೆ ಶಂಭುಲಿಂಗನೂ ಏದುಸಿರು ಬಿಡುತ್ತ ಬಂದ. ಅವನನ್ನು ಕಂಡದ್ದೇ ಅಮೂಲ್ಯ "ಅಪ್ಪಾ" ಎಂದು ಕೂಗಿದಳು. ಹಿರಿಯರು ಅವನ ಗುರುತಿನ ಚೀಟಿ ನೋಡಿ, ಮಗುವಿನ ಕೆನ್ನೆ ತಟ್ಟಿ ಕಳಿಸಿಕೊಟ್ಟರು. ಗಿರಿಜಾಂಬ ನಿಖಾತ್ ಅವರ ಎರಡೂ ಕೈ ಹಿಡಿದುಕೊಂಡಳು. ಏನೇನೋ ಹೇಳಬೇಕೆಂದಿದ್ದಳು, ಬಂದದ್ದು ಇಷ್ಟೇ: "ನಿನ್ ಮಕ್ಕಳು ನೂರ್ಕಾಲ ಚೆನ್ನಾಗಿರ್ಲಿ ತಾಯಿ."

"ನನ್ ಮಕ್ಕಳೂ ಹಿಂಗೇ ಓಡ್ತಾರೆ ಅಜ್ಜಿ. ಎಲ್ಲಾ ಮಕ್ಕಳೂ ಒಂದೇನೇ" ಎಂದು ನಿಖಾತ್ ನಕ್ಕು, ತಮ್ಮ ಮಕ್ಕಳನ್ನು ಕರೆದುಕೊಂಡು ಜನರ ನಡುವೆ ಮರೆಯಾದರು.

ಹೊರಗೆ ಹುಲ್ಲಿನ ಮೇಲೆ ಕುಳಿತರು. ಶಂಭುಲಿಂಗ ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸಲು ಹೋದ. ಈ ಸಲ ಇಬ್ಬರ ಕೈಯನ್ನೂ ಬಿಗಿಯಾಗಿ ಹಿಡಿದಿದ್ದ. ನೇತ್ರಾ ಬಿಚ್ಚಿಹೋದ ಜಡೆ ಹಾಕಿಕೊಳ್ಳಲು ಕೈ ಎತ್ತಿದಳು. ಗಿರಿಜಾಂಬ ಅವಳನ್ನು ತನ್ನ ಕಡೆ ಬೆನ್ನು ಮಾಡಿ ಕೂರಿಸಿಕೊಂಡು ಕೂದಲು ಬಿಡಿಸತೊಡಗಿದಳು.

"ಯಾಕವ್ವ ಹಂಗೆ ಹೇಳ್ಕೊಟ್ಟೆ?"

ನೇತ್ರಾ ಹುಲ್ಲು ಕೀಳುತ್ತ ಅಂದಳು: "ಸ್ಕೂಲಿಗೆ ಸೇರಿಸ್ದಾಗ ತಾಯಿ ಹೆಸರು ಕೇಳಿದ್ರು. ಕವನ ಅಂತಲೇ ಬರ್ಸ್ದೆ. ಹೆತ್ತೋರ ಹೆಸರು ಅಲ್ವೇನಮ್ಮ ಅದು? ನಾನು ತಗಂಡು ಏನ್ ಮಾಡ್ಲಿ?" ಆಮೇಲೆ ಹೇಳಿದಳು: "ನಮ್ಮವ್ವ ಹೋದ್ ಮ್ಯಾಲೆ ನಮ್ಮನೇಲಿ ಅವ್ಳ ಹೆಸರು ಯಾರೂ ಎತ್ತಂಗಿರಲಿಲ್ಲ. ಮಗ ಅಳ್ತದೆ ಅಂತ. ನನಗೆ ಅವ್ವನ ಮಕ ಒಸಿನೂ ಗ್ಯಾನ ಇಲ್ಲ ಕಣಮ್ಮ. ಈ ಮಕ್ಕಳಿಗೆ ಹಂಗಾಗಬಾರ್ದು."

"ಮತ್ತೆ ನನಗೆ ಯಾಕ್ ಹೇಳ್ಲಿಲ್ಲ ನೀನು?"

"ನೀವು ಬಂದು ಕೂತ್ರೆ ತಾನೇ ಹೇಳೋದು. ಕಾಫಿ ಕುಡ್ದು ಎದ್ದೇ ಹೋಗ್ತೀರಿ."

ಗಿರಿಜಾಂಬನಿಗೆ ನಗು ಬಂತು, ನಗುವಿನ ಜೊತೆಗೇ ಅಳುವೂ ಬಂತು. ನೇತ್ರಾ ತಿರುಗಿ ನೋಡಬಾರದೆಂದು ಅವಳ ತಲೆಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿ ಹಿಡಿದು ಜಡೆ ಹೆಣೆದಳು. ಶಿವನೇ, ಇವಳನ್ನು ನನ್ನ ಕಣ್ಣಿಗೆ ಬೀಳಿಸಿದೆಯಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದಳು.

ಹುಲಿ ನೋಡದೆ ಬರುವುದಿಲ್ಲ ಎಂದು ಪ್ರಭು ನೆಲಕ್ಕೆ ಕುಳಿತುಬಿಟ್ಟದ್ದರಿಂದ ಎಲ್ಲರೂ ಮತ್ತೆ ಒಳಗೆ ನಡೆದರು. ಹುಲಿ ನೆರಳಲ್ಲಿ ಮಲಗಿ ನಿದ್ದೆ ಮಾಡುತ್ತಿತ್ತು. "ಅದಕ್ಕೂ ಭಾನುವಾರ ಕಣ್ಲಾ" ಎಂದ ಶಂಭುಲಿಂಗ ಮಗನಿಗೆ. ಗಿರಿಜಾಂಬ ನೇತ್ರಾಳ ಭುಜದ ಮೇಲೆ ಕೈ ಊರಿ, ಮಂಡಿಯ ಭಾರವನ್ನೆಲ್ಲ ಅವಳ ಮೇಲೆ ಹಾಕಿ ನಡೆದಳು.

ಸಂಜೆಯ ರೈಲಿನಲ್ಲಿ ಮಕ್ಕಳು ನಿದ್ದೆ ಹೋದರು. ನೇತ್ರಾಳೂ ತೂಕಡಿಸಿ ಗಿರಿಜಾಂಬನ ಹೆಗಲಿಗೆ ಒರಗಿದಳು. ಚನ್ನಪಟ್ಟಣದಲ್ಲಿ ಇಳಿದ ಮೇಲೆ ಗಿರಿಜಾಂಬ ಬೈರಾಪಟ್ಟಣದ ಬಸ್ಸು ಹಿಡಿಯಲಿಲ್ಲ. ಗಂಡನಿಗೆ ಫೋನ್ ಮಾಡಿ "ನಾನು ಎರಡು ದಿನ ಇಲ್ಲೇ ಇರ್ತೀನಿ. ಅನ್ನ ಸಾರು ಮಾಡ್ಕಂಡು ಉಣ್ಣಿ" ಎಂದಳು. ಎರಡು ದಿನ ಎಂದದ್ದು ವಾರವಾಯಿತು. ಆ ವಾರದಲ್ಲಿ ಕವನ ಚಿಕ್ಕವಳಿದ್ದಾಗ ಮಾಡಿದ ಚೇಷ್ಟೆಗಳನ್ನೆಲ್ಲ ಮಕ್ಕಳಿಗೆ ಹೇಳಿದಳು. ಕವನ ಬಾವಿಗೆ ಬಿಂದಿಗೆ ಬಿಟ್ಟದ್ದು, ಕವನ ಪರೀಕ್ಷೆಯ ದಿನ ಹೊಟ್ಟೆನೋವೆಂದು ಸುಳ್ಳು ಹೇಳಿದ್ದು. ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದವಳು ನೇತ್ರಾ.

ಇದಾಗಿ ವರ್ಷ ಕಳೆದಿದೆ. ಈಗ ಬೈರಾಪಟ್ಟಣದ ಆ ಮನೆಯಲ್ಲಿ ಬೆಳಿಗ್ಗೆಯಿಂದಲೇ ನೀರು ಕಾಯಿಸುವ ಒಲೆಯ ಹೊಗೆ. ನೇತ್ರಾಳಿಗೆ ಹೆಣ್ಣು ಮಗು ಹುಟ್ಟಿ ತಿಂಗಳಾಗಿದೆ. ಬಾಣಂತನಕ್ಕೆ ಕೆಂಪಾಪುರದ ಅತ್ತೆ ಕರೆದರೂ ಗಿರಿಜಾಂಬ ಒಪ್ಪಲಿಲ್ಲ. ಸೀಮಂತ ಮುಗಿಸಿದ ದಿನವೇ ಕರೆದುಕೊಂಡು ಬಂದಳು. ತಣ್ಣೀರು ಮುಟ್ಟಿದರೆ ಗದರುತ್ತಾಳೆ, ಕಿವಿಗೆ ಬಟ್ಟೆ ಕಟ್ಟಿಕೊಳ್ಳದಿದ್ದರೆ ಗದರುತ್ತಾಳೆ. ನೇತ್ರಾ ಬಯ್ಗುಳ ಕೇಳಿಸಿಕೊಂಡು, ಮೆಣಸಿನ ಸಾರು ಕುಡಿದು, ಸುಖವಾಗಿ ನಿದ್ದೆ ಮಾಡುತ್ತಾಳೆ. ಅಮೂಲ್ಯ, ಪ್ರಭು ಶನಿವಾರ ಬಂದರೆ ತೊಟ್ಟಿಲು ತೂಗಲು ಜಗಳ.

ಅಂಗಡಿಗೆ ಬಂದವರು ಒಳಗಿನಿಂದ ಮಗುವಿನ ಅಳು ಕೇಳಿ "ಯಾರವ್ವ ಬಂದಿರೋದು?" ಎಂದು ಕೇಳುತ್ತಾರೆ.

"ನನ್ ಮಗಳು ಕಣಪ್ಪ, ಬಾಣಂತನಕ್ಕೆ ಬಂದವ್ಳೆ" ಎನ್ನುತ್ತಾಳೆ ಗಿರಿಜಾಂಬ, ಹಂಡೆಯ ಒಲೆಗೆ ಇನ್ನೊಂದು ಸೌದೆ ತಳ್ಳಲು ಹೊರಡುತ್ತ.